ಬಾಗಿಲಲ್ಲಿ ನಿಂತವಳು

ಅಕ್ಟೋಬರ್ ೩೦, ಗುರುವಾರ

ಬೆಳಿಗ್ಗೆ ಚರ್ಚು ಗುಡಿಸಿದೆ. ಪೀಠದ ಬಟ್ಟೆ ಬದಲಾಯಿಸಿದೆ. ಎಷ್ಟು ಗುಡಿಸಿದರೂ ಗಾಳಿ ಮತ್ತೆ ಮರಳು ತಂದು ಸುರಿಯುತ್ತದೆ. ಮಧ್ಯಾಹ್ನ ಎಣ್ಣೆ ತೆಗೆಯುವ ತ್ಸುಬಾಕಿ ಬೀಜ ಹರವಿದೆ. ಈ ಸಲ ಕಾಯಿ ಚೆನ್ನಾಗಿ ಬಿಟ್ಟಿದೆ, ಚಳಿಗಾಲಕ್ಕೆ ಎಣ್ಣೆಯ ಯೋಚನೆ ಇಲ್ಲ. ಗೆಣಸಿನ ಹೋಳು ಮಾತ್ರ ಒಣಗುತ್ತಿಲ್ಲ. ಮಂಜು. ಎದುರಿನ ದ್ವೀಪ ಕಾಣಿಸದೆ ಎಷ್ಟೋ ದಿನವಾಯಿತು. ಈಗ ಅದು ಅಲ್ಲಿಲ್ಲ ಅಂದರೂ ನಂಬಬಹುದು.

ಸೋಮವಾರ ಮೃತರ ಹಬ್ಬ. ಗುರುಗಳು ಬೋಟಿನಲ್ಲಿ ಬರುತ್ತಾರೆ. ಊರಿನ ಹೆಂಗಸರೆಲ್ಲ ಚರ್ಚಿಗೆ ಹಾಕುವ ಬಿಳಿ ಮುಸುಕು ಒಗೆಯುವ ಗಡಿಬಿಡಿಯಲ್ಲಿದ್ದಾರೆ. ನಾನೂ ಒಗೆದೆ.

ಬಾವಿಯ ಹತ್ತಿರ ಶಿನಾ ಸಿಕ್ಕಿದಳು. ಅವಳ ಗಂಡ ಯಾಸುಕಿಚಿಗೆ ಜ್ವರ ಏರಿದೆಯಂತೆ. ಹೊಟ್ಟೆಯಲ್ಲಿ ಗಡ್ಡೆ. ದೊಡ್ಡ ದ್ವೀಪದ ಡಾಕ್ಟರ್, ಇನ್ನು ಮನೆಗೇ ಕರೆದುಕೊಂಡು ಹೋಗಿ ಅಂದುಬಿಟ್ಟಿದ್ದರು. ಅತ್ತಳು. ಅವಳು ಅತ್ತರೆ ನನಗೆ ಸಿಟ್ಟು ಬರುತ್ತದೆ. ಪ್ರಾರ್ಥನೆ ಮಾಡಿ ಅಕ್ಕ ಅಂದಳು. ಆಯಿತು ಅಂದೆ. ಮಾಡಲಿಲ್ಲ.

ಇದನ್ನು ಯಾರೂ ಓದುವುದಿಲ್ಲ, ಅದಕ್ಕೇ ಬರೆಯುತ್ತೇನೆ — ಅವನಿಗೆ ತೀರ್ಪು ಸಿಗಲಿ. ಕರುಣೆಯಲ್ಲ, ತೀರ್ಪು. ನನ್ನ ಗಂಡ ಕಿಸಾಕು ಅವನ ಜೊತೆ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ಹತ್ತೊಂಬತ್ತು ವರ್ಷವಾಯಿತು. ನೀರಿಗೆ ಬಿದ್ದವನ ಸೊಂಟದ ಹಗ್ಗ ಗಾಳಿಗೆ ಹರಿಯಿತು ಅಂತ ಯಾಸುಕಿಚಿ ಊರಿಗೆಲ್ಲ ಹೇಳಿದ. ಎಲ್ಲರೂ ನಂಬಿದರು. ಬೋಟಿನಲ್ಲಿ ಉಳಿದಿದ್ದ ಹಗ್ಗದ ತುದಿ ನಾನು ನೋಡಿದ್ದೆ. ಹರಿದ ಹಗ್ಗಕ್ಕೆ ಎಳೆ ಎದ್ದಿರುತ್ತದೆ. ಅದಕ್ಕೆ ಇರಲಿಲ್ಲ. ಯಾರಿಗೂ ಹೇಳಲಿಲ್ಲ. ದೇವರು ನೋಡಿದ್ದಾನಲ್ಲ, ಅವನೇ ಕೇಳಲಿ ಅಂದುಕೊಂಡು ಕೂತೆ.

ಪ್ರತಿ ಚಳಿಗಾಲ ಯಾಸುಕಿಚಿ ನನ್ನ ಬಾಗಿಲಿಗೆ ಮೀನು ಇಟ್ಟು ಹೋಗುತ್ತಾನೆ. ಮಾತಿಲ್ಲ, ಕತೆಯಿಲ್ಲ. ನಾನು ಬೆಕ್ಕಿಗೆ ಹಾಕುತ್ತೇನೆ. ಈ ಕೊಲ್ಲಿಯಲ್ಲಿ ನನ್ನ ಬೆಕ್ಕಿನಷ್ಟು ಕೊಬ್ಬಿದ ಬೆಕ್ಕು ಇನ್ನೊಂದಿಲ್ಲ.

ಅಕ್ಟೋಬರ್ ೩೧, ಶುಕ್ರವಾರ, ಸಂಜೆ

ಹೆದರಿಕೆ ಇನ್ನೂ ಹೋಗಿಲ್ಲ. ನಗುವೂ ಬರುತ್ತಿದೆ. ಸರಿಯಾಗಿ ಬರೆಯಬೇಕು.

ನಮ್ಮ ಊರಿಗೆ ಗಂಟೆ ಇಲ್ಲ, ಶಂಖ. ಊದುವವನು ಮುದುಕ ಗಿಹೆಯಿ. ಪ್ರಾರ್ಥನೆಗೆ ಚಿಕ್ಕ ಚಿಕ್ಕ ಉಸಿರು. ಸಾವಿಗೆ ಒಂದೇ ಉದ್ದನೆಯ ಉಸಿರು, ಕೊನೆಗೆ ತಗ್ಗುತ್ತದೆ. ಸಾವಿನ ಮನೆಯವರು ಬಾಗಿಲ ಮುಂದಿನ ಕೋಲಿಗೆ ಬಿಳಿ ಮುಸುಕು ಕಟ್ಟುತ್ತಾರೆ. ಕೊಲ್ಲಿಯ ಈಚೆ ದಡದಿಂದ ಅದನ್ನು ನೋಡಿ ಗಿಹೆಯಿ ಊದುತ್ತಾನೆ.

ಮಧ್ಯಾಹ್ನ ಊದಿದ. ಉದ್ದನೆಯದು. ಹೊರಗೆ ಬಂದು ನೋಡಿದೆ — ಮಂಜಿನೊಳಗೆ ಯಾಸುಕಿಚಿಯ ಮನೆ ಮುಂದೆ ಬಿಳಿ ಬಟ್ಟೆ. ಸತ್ತ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಹಗ್ಗದ ನಿಜ ಹೇಳದೆ ಸತ್ತನಲ್ಲ ಅಂತ ಸಿಟ್ಟೇ ಬಂತು. ಮುಸುಕು ಹಾಕಿಕೊಂಡು ಹೊರಟೆ. ಪ್ರಾರ್ಥನೆ ಮುಂದೆ ನಿಂತು ಹೇಳುವವಳು ನಾನೇ ತಾನೆ. ಗಂಟಲು ದೊಡ್ಡದು ಅನ್ನುವ ಒಂದೇ ಕಾರಣಕ್ಕೆ ಈ ಕೆಲಸ ನನ್ನ ಪಾಲಿಗೆ ಬಂದಿದೆ.

ಹೋಗುವಷ್ಟರಲ್ಲಿ ಹೆಂಗಸರು ಆಗಲೇ ಚಾಪೆಯ ಮೇಲೆ ಮಂಡಿಯೂರಿದ್ದರು. ಶಿನಾ ಕಾಣಿಸಲಿಲ್ಲ. ಪಕ್ಕದ ಮನೆಯಲ್ಲಿ ಮಲಗಿಸಿದ್ದಾರೇನೋ ಅಂದುಕೊಂಡೆವು. ಮೇಣದಬತ್ತಿ ಹಚ್ಚಿದೆವು. ಸತ್ತವರ ಪ್ರಾರ್ಥನೆ ಶುರು ಮಾಡಿದೆ. ನಿತ್ಯ ವಿಶ್ರಾಂತಿ, ನಿತ್ಯ ಬೆಳಕು — ಬಾಯಿ ಹೇಳುತ್ತಿತ್ತು, ಮನಸ್ಸು ಹಗ್ಗದ ತುದಿಯಲ್ಲಿತ್ತು. ಅರ್ಧ ಮುಚ್ಚಿದ್ದ ಅವನ ಕಣ್ಣು ಪೂರ್ತಿ ಮುಚ್ಚೋಣ ಅಂತ ಬಾಗಿದೆ.

ಕಣ್ಣು ತೆರೆದ.

“ಬಂದ್ರಾ” ಅಂದ. ಮೆಲ್ಲಗೆ, ಕಾದು ಕಾದು ಕೊನೆಗೆ ಕಂಡವರನ್ನು ಕೇಳುವ ಹಾಗೆ.

ಹೆಂಗಸರು ಮಂಡಿಯ ಮೇಲೇ ಹಿಂದಕ್ಕೆ ಸರಿದರು. ಒಬ್ಬಳು ಬತ್ತಿ ಕೈಬಿಟ್ಟಳು, ಚಾಪೆ ಸುಟ್ಟಿತು. ಅಷ್ಟರಲ್ಲಿ ಶಿನಾ ಹಿತ್ತಲಿನಿಂದ ಗೆಣಸಿನ ಬುಟ್ಟಿ ಹೊತ್ತು ಒಳಗೆ ಬಂದಳು. ಇಷ್ಟೊಂದು ಜನ ಯಾಕೆ ಬಂದಿದ್ದೀರಿ ಅಂತ ಕೇಳಿದಳು.

ಆಗಿದ್ದು ಇಷ್ಟು. ಹಿತ್ತಲಿಗೆ ಗಾಳಿಯಿಲ್ಲ ಅಂತ ಶಿನಾ ಹಬ್ಬದ ಮುಸುಕು ಒಗೆದು ಮುಂದಿನ ಕೋಲಿಗೆ ಒಣಹಾಕಿದ್ದಳು.

ನವೆಂಬರ್ ೧, ಶನಿವಾರ

ಎಲ್ಲ ಸಂತರ ಹಬ್ಬ. ಗುರುಗಳಿಲ್ಲದೆ ನಾವೇ ಪ್ರಾರ್ಥನೆ ಮಾಡಿದೆವು. ಚರ್ಚಿನಲ್ಲಿ ಯಾರ ಮುಖ ಯಾರೂ ನೋಡುವ ಹಾಗಿರಲಿಲ್ಲ, ನೋಡಿದರೆ ನಗು. ಗಿಹೆಯಿ ಮನೆಮನೆಗೆ ಹೋಗಿ ತಪ್ಪಾಯಿತು ಅನ್ನುತ್ತಿದ್ದಾನೆ. ನನ್ನ ಬಾಗಿಲಿಗೂ ಬಂದ. ಮುಂದಿನ ಸಲ ಹೋಗಿ ಮೂಗಿನ ಹತ್ತಿರ ಕೈಯಿಟ್ಟು ನೋಡಿ ಊದು ಮಾವ ಅಂದೆ. ಪಾಪ, ತಲೆ ಬಗ್ಗಿಸಿಕೊಂಡು ಹೋದ.

ಮಧ್ಯಾಹ್ನ ಶಿನಾ ಬಂದಳು. ನಗುತ್ತಿರಲಿಲ್ಲ. ಯಾಸುಕಿಚಿ ತಾನು ಸತ್ತಿದ್ದೇನೆ ಅಂತಲೇ ನಂಬಿದ್ದಾನಂತೆ. ಶಂಖ ಕೇಳಿಸಿತು, ಬತ್ತಿಯ ವಾಸನೆ ಬಂತು, ತನಗೇ ಸತ್ತವರ ಪ್ರಾರ್ಥನೆ ಹೇಳಿದ್ದು ಕಿವಿಯಾರೆ ಕೇಳಿದೆ, ಇನ್ನೇನು ಬೇಕು ಅನ್ನುತ್ತಾನೆ. ಜ್ವರ ಇಳಿದಿದೆ, ಮಾತು ಸ್ಪಷ್ಟವಿದೆ, ಗಂಜಿ ಕುಡಿಯುತ್ತಾನೆ. ಗಿಹೆಯಿ ಹೋಗಿ ಚಿವುಟಿದನಂತೆ. ಇಲ್ಲೂ ಚಿವುಟುತ್ತಾರೆ ಅಂತ ಗೊತ್ತಿರಲಿಲ್ಲ ಅಂದನಂತೆ.

“ಇಲ್ಲಿನ ಗಂಜಿನೂ ನಿನ್ನ ಗಂಜಿ ಥರಾನೇ ಇದೆ ಅಂತಾನೆ ಅಕ್ಕ” ಅಂದಳು ಶಿನಾ. “ನಾನೂ ಸತ್ತಿದೀನಿ ಅಂದ್ಕೊಂಡು ನನ್ನ ನೋಡಿ ಪಾಪ ಅಂತ ಅಳ್ತಾನೆ.”

ನನಗೆ ನಗು ಬಂತು. ಆಮೇಲೆ ಬರಲಿಲ್ಲ.

ನವೆಂಬರ್ ೩, ಸೋಮವಾರ

ಇರಿಗುಚಿ ಗುರುಗಳು ಬಂದರು. ಚರ್ಚಿನಲ್ಲಿ ಬಲಿಪೂಜೆ, ಆಮೇಲೆ ಸಮಾಧಿಗಳಿಗೆ ಪವಿತ್ರ ನೀರು. ಕಿಸಾಕುವಿನ ಕಲ್ಲಿನ ಕೆಳಗೆ ಯಾರೂ ಇಲ್ಲ, ಅವನ ಒಂದು ಅಂಗಿ ಹೂತಿದ್ದೇವೆ ಅಷ್ಟೆ. ಅದಕ್ಕೂ ನೀರು ಚಿಮುಕಿಸಿದರು. ಮಂಜಿನಲ್ಲಿ ಎಲ್ಲರ ಬಿಳಿ ಮುಸುಕು ಕರಗಿ ಮುಖಗಳು ಮಾತ್ರ ತೇಲುತ್ತಿದ್ದವು. ಯಾರು ಬದುಕಿದವರು, ಯಾರು ಕಲ್ಲಿನ ಕೆಳಗಿನವರು ಅಂತ ಒಂದು ಗಳಿಗೆ ಗೊತ್ತಾಗಲಿಲ್ಲ.

ಆಮೇಲೆ ಯಾಸುಕಿಚಿಯ ಮನೆ. ಗುರುಗಳ ಹಿಂದೆ ಬತ್ತಿ ಹಿಡಿದುಕೊಂಡು ಹೋದೆ. ಹೊರಗೇ ನಿಂತೆ. ಕಾಗದದ ಬಾಗಿಲು, ಎಲ್ಲ ಕೇಳಿಸುತ್ತದೆ.

“ಸ್ವಾಮಿ, ನೀವೂ ಬಂದುಬಿಟ್ರಾ” ಅಂದ. “ಯಾವಾಗ ಹೋದ್ರಿ? ಬೋಟು ಮುಳುಗ್ತಾ?”

ಗುರುಗಳು ಬಹಳ ಹೊತ್ತು ಸಮಾಧಾನ ಹೇಳಿದರು. ಬದುಕಿದ್ದೀಯಪ್ಪಾ, ಪಾಪನಿವೇದನೆ ಮಾಡು, ರೋಗಿಗಳ ಪವಿತ್ರ ಎಣ್ಣೆ ಹಚ್ಚಿ ಅಭ್ಯಂಗ ಕೊಡುತ್ತೇನೆ ಅಂದರು. ಅವನು ಒಪ್ಪಲಿಲ್ಲ. ಧರ್ಮೋಪದೇಶದಲ್ಲಿ ನೀವೇ ಹೇಳಿಕೊಟ್ಟದ್ದಲ್ಲವೇ, ಉಸಿರು ನಿಂತ ಮೇಲೆ ಪಶ್ಚಾತ್ತಾಪದ ಹೊತ್ತು ಮುಗಿಯಿತು, ಆಮೇಲೆ ಲೆಕ್ಕ ಒಪ್ಪಿಸುವುದೊಂದೇ ಅಂತ — ಈಗ ನೀವೇ ಪಾಠ ಬದಲಾಯಿಸಿದರೆ ಹೇಗೆ ಅಂತ ವಾದ ಮಾಡಿದ. ಬದುಕಿದ್ದಾಗ ಇಷ್ಟು ಮಾತಾಡಿದವನಲ್ಲ. ಕೊನೆಗೆ ದನಿ ತಗ್ಗಿತು. ತನ್ನನ್ನು ಕೇಳುವವರು ಬೇರೆ ಇದ್ದಾರೆ, ಬಾಗಿಲಲ್ಲಿ ನಿಂತಿದ್ದಾರೆ, ಬಿಳಿ ಮುಸುಕಿನಲ್ಲಿ ಬಂದು ಬಗ್ಗಿ ನೋಡಿದ್ದಾರೆ ಅಂದ. ಅವರು ಕೇಳಿದರೆ ಹೇಳುತ್ತಾನಂತೆ.

ನಮ್ಮ ಅಜ್ಜಿಯರ ಕಾಲದ ನಂಬಿಕೆ ಅದು. ಗುರುಗಳೇ ಇಲ್ಲದೆ, ನಮ್ಮ ಧರ್ಮವನ್ನು ನಿಷೇಧಿಸಿದ್ದ ಸರ್ಕಾರಕ್ಕೆ ಹೆದರಿ, ಕತ್ತಲ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಕಾಲದಿಂದ ಬಂದದ್ದು. ಸತ್ತ ದಿನ ದೇವರು ತಾನಾಗಿ ಏನೂ ಕೇಳುವುದಿಲ್ಲವಂತೆ. ನೀನು ಯಾರಿಗೆ ಅನ್ಯಾಯ ಮಾಡಿದ್ದೀಯೋ ಅವರನ್ನೇ ಬಾಗಿಲಲ್ಲಿ ನಿಲ್ಲಿಸುತ್ತಾನಂತೆ. ಅವರು ಒಳಗೆ ಬಿಡು ಅಂದರೆ ಒಳಗೆ.

ಗುರುಗಳು ಹೊರಗೆ ಬಂದು ಕಲ್ಲಿನ ಮೇಲೆ ಕೂತರು. ಮೊದಲು ನಕ್ಕರು. ಆಮೇಲೆ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. ಯಾಕೆ ನಿಮ್ಮನ್ನೇ ಬಾಗಿಲಲ್ಲಿ ನಿಲ್ಲಿಸಿದ್ದಾನೆ ಅಂತ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ನನಗೆ ಹೆದರಿಕೆಯಾಯಿತು.

“ನನ್ನ ಮಾತು ಅವನು ನಂಬಲ್ಲ. ನೀವು ಹೇಳಿದ್ರೆ ನಂಬ್ತಾನೆ” ಅಂದರು. “ಬದುಕಿದೀಯ ಅಂತ ಹೇಳಿ ಟೊಮೆ. ಅಷ್ಟು ಗೊತ್ತಾದ್ರೆ ಸಾಕು, ಅವನಿಗಿನ್ನೂ ಹೊತ್ತಿದೆ. ಕೈ ಚಾಚದೇ ಇರೋನಿಗೆ ಕ್ಷಮೆ ತುರುಕೋಕೆ ನನ್ನಿಂದ ಆಗಲ್ಲ.”

ಮುಂದಿನ ವಾರ ಗುರುವಾರ ಮತ್ತೆ ಬೋಟು ತರುತ್ತಾರೆ. ಅಲ್ಲಿಯವರೆಗೆ ಇರುತ್ತಾನಾ ಅಂತ ಕೇಳಿದೆ. ಅದಕ್ಕೇ ಬೇಗ ಹೇಳಿ ಅಂದರು.

ಹಾಗಾದರೆ ಅವನ ಆತ್ಮ ಈಗ ನನ್ನ ನಾಲಿಗೆಯ ತುದಿಯಲ್ಲಿದೆ. ಒಂದು ಮಾತು ಹೇಳಿದರೆ ಉಳಿಯುತ್ತಾನೆ. ಹೇಳದಿದ್ದರೆ... ನಾನೇನೂ ಮಾಡಿದಂತೆ ಆಗುವುದಿಲ್ಲ. ಸುಮ್ಮನಿದ್ದಂತೆ, ಅಷ್ಟೆ.

ನವೆಂಬರ್ ೪, ಮಂಗಳವಾರ

ಹೋದೆ. ಹೇಳಲಿಕ್ಕಲ್ಲ, ಕೇಳಲಿಕ್ಕೆ. ಮುಸುಕು ಹಾಕಿಕೊಂಡೇ ಹೋದೆ — ಅದನ್ನೂ ಬರೆಯುತ್ತೇನೆ.

ಶಿನಾಳನ್ನು ಗೆಣಸು ಅಗೆಯಲು ಕಳಿಸಿದೆ. ಅವನ ಪಕ್ಕ ಕೂತೆ. ಕಿಟಕಿಯಿಂದ ಹಾಲಿನಂಥ ಬೆಳಕು. ಅವನು ಅದನ್ನೇ ನೋಡುತ್ತಿದ್ದ. ಇಲ್ಲಿನ ಸಮುದ್ರವೂ ನಮ್ಮೂರಿನದರ ಹಾಗೇ ಸದ್ದು ಮಾಡುತ್ತದೆ, ಅದಕ್ಕೆ ಅಷ್ಟು ಭಯವಾಗುತ್ತಿಲ್ಲ ಅಂದ. ಮುಖ ಬಹಳ ಸಣ್ಣದಾಗಿದೆ.

ಕೇಳಿದೆ. ಹಗ್ಗ ಏನಾಯಿತು?

ತಡವರಿಸಲಿಲ್ಲ. ಹತ್ತೊಂಬತ್ತು ವರ್ಷ ಬಾಯಲ್ಲಿ ಹಿಡಿದುಕೊಂಡವನು ಉಗುಳುವ ಹಾಗೆ ಹೇಳಿದ.

“ಕೊಯ್ದೆ ಅಮ್ಮಾ. ಅವನು ನೀರಲ್ಲಿದ್ದ, ಬೋಟು ವಾಲ್ತಾ ಇತ್ತು. ಎಳೆದಿದ್ರೆ ಬರ್ತಿದ್ನೋ ಏನೋ. ನಾನು ಎಳೀಲಿಲ್ಲ. ಭಯ ಆಯ್ತು, ಚಾಕು ತೆಗೆದೆ.”

ನನಗೆ ಗೊತ್ತಿದ್ದದ್ದೇ. ಆದರೂ ಅವನ ಬಾಯಿಂದಲೇ ಕೇಳುವುದು ಬೇರೆ. ಪ್ರತಿ ಈಸ್ಟರಿಗೆ ಪಾಪನಿವೇದನೆಗೆ ಹೋಗುತ್ತಿದ್ದನಂತೆ. ಬೇರೆಯವರ ಬಲೆಯಿಂದ ಮೀನು ತೆಗೆದದ್ದು, ಕುಡಿದದ್ದು, ಹೆಂಡತಿಗೆ ಬೈದದ್ದು, ಎಲ್ಲ ಹೇಳುತ್ತಿದ್ದನಂತೆ. ಇದೊಂದು ಬಿಟ್ಟು. ಇದನ್ನು ಮುಚ್ಚಿಟ್ಟುಕೊಂಡೇ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳುತ್ತಿದ್ದನಂತೆ, ಪ್ರತಿ ಸಲ ಗಂಟಲಲ್ಲಿ ನಿಲ್ಲುತ್ತಿತ್ತಂತೆ.

ಕಿಸಾಕು ಕೊನೆಗೆ ದೇವರ ಹೆಸರು ಕೂಗಿದ ಅಂತ ಆಗ ಊರಿಗೆ ಹೇಳಿದ್ದ. ಅದೂ ನಿಜವೇ ಅಂತ ಕೇಳಿದೆ. ಕೇಳಬಾರದಿತ್ತು.

“ಅದೂ ಸುಳ್ಳು. ಚಾಕು ನೋಡಿದ. ನೋಡಿ ಬೈದ, ಥೂ ಯಾಸು, ನಾಯಿ ಅಂತ. ಬೈಕೊಂಡೇ ಹೋದ. ಪ್ರಾರ್ಥನೆ ಎಲ್ಲಾ ನಾನು ಕಟ್ಟಿದ್ದು, ನಿಮಗೆ ಸಮಾಧಾನ ಆಗಲಿ ಅಂತ.”

ಆಮೇಲೆ ಅವನು ಇದನ್ನು ಕೇಳಿದ — ಕಿಸಾಕು ತಾನೇ ಬರಲಿಲ್ಲವೇ, ನಿಮ್ಮನ್ನು ಕಳಿಸಿದನೇ ಅಂತ. ತೀರ್ಪು ಏನು ಅಂದ. ಇನ್ನೂ ಆಗಿಲ್ಲ, ಕಾಯಬೇಕು ಅಂದೆ. ಎದ್ದು ಬಂದೆ.

ದಾರಿಯಲ್ಲಿ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ನವೆಂಬರ್ ೯, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ನಾನು ಮಾಡುತ್ತಿರುವುದು ನನಗೇ ಕಾಣುತ್ತದೆ.

ದಿನವೂ ಹೋಗುತ್ತಿದ್ದೇನೆ. ಗಂಜಿ ನಾನೇ ಮಾಡಿಕೊಂಡು ಹೋಗುತ್ತೇನೆ, ಶಿನಾಳಿಗೆ ಹೊಲದ ಕೆಲಸ ಬಿದ್ದಿದೆ. ಅವಳು ನನ್ನ ಕೈ ಹಿಡಿದು ನಿಮ್ಮಂಥವರಿಲ್ಲ ಅಕ್ಕ ಅನ್ನುತ್ತಾಳೆ. ದಿನವೂ ಅವನು ಕೇಳುತ್ತಾನೆ, ತೀರ್ಪು ಬಂತಾ? ದಿನವೂ ನಾನು ಇನ್ನೂ ಇಲ್ಲ ಅನ್ನುತ್ತೇನೆ. ಅವನು ತಲೆಯಾಡಿಸುತ್ತಾನೆ. ಇಲ್ಲಿ ಅವಸರ ಇರುವುದಿಲ್ಲ, ಅಲ್ಲವೇ ಅನ್ನುತ್ತಾನೆ.

ಹಿತವಾಗುತ್ತದೆ. ಸುಳ್ಳೇಕೆ ಹೇಳಲಿ. ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗೆ. ಹೊರಗೆ ಹೋದರೆ ನಾನು ಚರ್ಚು ಗುಡಿಸುವ ಟೊಮೆ. ಆ ಕೋಣೆಯಲ್ಲಿ ಬಾಗಿಲು ನನ್ನದು, ಬೀಗ ನನ್ನದು.

ಅವನ ಜೊತೆ ಕೂತು ಕೂತು ನನಗೂ ಅದೇ ರೋಗ ಹಿಡಿದಿದೆ. ನಿನ್ನೆ ಮನೆಗೆ ಬರುವಾಗ ದಾರಿಯಲ್ಲಿ ಯಾರೂ ಸಿಗಲಿಲ್ಲ. ಗೆಣಸಿನ ಹೋಳುಗಳು ತಟ್ಟಿಯ ಮೇಲೆ ಬೆಳ್ಳಗೆ ಮಲಗಿದ್ದವು. ಒಂದು ದೋಣಿ ಸದ್ದಿಲ್ಲದೆ ಮಂಜಿನೊಳಗೆ ಹೋಯಿತು. ನಾನೂ ಯಾವಾಗಲೋ ಸತ್ತಿದ್ದೇನೆ, ಯಾರೂ ಹೇಳಿಲ್ಲ ಅಷ್ಟೆ ಅನ್ನಿಸಿತು. ಸತ್ತಿದ್ದರೆ ಬಾಗಿಲಲ್ಲಿ ಯಾರು ನಿಂತಿರುತ್ತಾರೆ? ಬೇಗ ಬೇಗ ನಡೆದೆ.

ಇವತ್ತು ಅರ್ಧ ಬಟ್ಟಲು ಗಂಜಿಯೂ ಸೇರಲಿಲ್ಲ. ಕೈ ಊದಿದೆ. ಗುರುವಾರ ದೂರವಿದೆ.

ನವೆಂಬರ್ ೧೦, ಸೋಮವಾರ, ಮಧ್ಯಾಹ್ನ

ಹೋಗಲಿಲ್ಲ.

ತ್ಸುಬಾಕಿ ಬೀಜ ಬಿಡಿಸುತ್ತಾ ಗೋಡೆಗೆ ಒರಗಿ ಕೂತಿದ್ದೆ. ಬಿಸಿಲು ಬಂದಿತ್ತು, ಬಹಳ ದಿನದ ಮೇಲೆ. ಕಣ್ಣು ಮುಚ್ಚಿಕೊಂಡಿತು. ನಿದ್ದೆಯೋ ಅಲ್ಲವೋ. ಕಿಸಾಕು ಒಂದು ಬಾಗಿಲ ಮುಂದೆ ನಿಂತಿದ್ದ. ಮೈಯಿಂದ ನೀರು ಇಳಿಯುತ್ತಿತ್ತು. ಬಾಯಿ ತೆರೆದೇ ಇತ್ತು, ಕೊನೆಯ ಬೈಗುಳ ಅಲ್ಲೇ ಇತ್ತು, ನುಂಗಲೂ ಆಗದೆ ಉಗುಳಲೂ ಆಗದೆ. ಒಳಗಿನಿಂದ ಯಾರೋ ಕರೆಯುತ್ತಿದ್ದರು. ಅವನು ಒಳಗೆ ಹೋಗಲು ನಾಚಿಕೊಂಡು ಕಾಲು ಒರೆಸುತ್ತಿದ್ದ. ನಮ್ಮ ಮನೆಯಲ್ಲೂ ಹಾಗೇ, ಕುಡಿದು ಬಂದ ದಿನ ಬಾಗಿಲಲ್ಲೇ ನಿಂತು ಕಾಲು ಒರೆಸುತ್ತಿದ್ದ, ನಾನು ಬಾ ಅನ್ನುವವರೆಗೆ.

ಎಚ್ಚರವಾಯಿತು. ಮಡಿಲಿನ ಬೀಜವೆಲ್ಲ ಚೆಲ್ಲಿತ್ತು.

ಇಷ್ಟು ವರ್ಷ ಅವನು ಪ್ರಾರ್ಥನೆ ಹೇಳುತ್ತಾ ಹೋದ ಅಂತ ನೆಮ್ಮದಿಯಾಗಿದ್ದೆ. ಬೈಯುತ್ತಾ ಹೋದ. ದ್ವೇಷ ತುಂಬಿಕೊಂಡು, ಪಶ್ಚಾತ್ತಾಪವಿಲ್ಲದೆ. ತೀರ್ಪು ಅಂದರೆ ತೀರ್ಪು, ಕರುಣೆ ಬೇಡ ಅಂತ ನಾನೇ ಬರೆದಿದ್ದೇನೆ. ಹಾಗಾದರೆ ನನ್ನ ಕಿಸಾಕು ಎಲ್ಲಿದ್ದಾನೆ?

ಇಲ್ಲ. ಒಪ್ಪಲಾರೆ. ಬೈಗುಳ ಬಾಯಿಂದ ಬಿದ್ದ ಮೇಲೆ ಅವನು ನೀರೊಳಗೆ ಹೋದ. ಒಳಗೆ ಹೋದ ಮೇಲೂ ಒಂದಿಷ್ಟು ಹೊತ್ತು ಇದ್ದೇ ಇರುತ್ತದೆ. ನಾನು ಕಾಣದ ಹೊತ್ತು, ಯಾಸುಕಿಚಿ ಕಾಣದ ಹೊತ್ತು. ಆ ಹೊತ್ತಿನಲ್ಲಿ ದೇವರು ಅವನ ಹತ್ತಿರ ಹೋಗಿರಬೇಕು. ಅವನು ಕೇಳದಿದ್ದರೂ ಹೋಗಿರಬೇಕು. ಆ ಸಿಡುಕನನ್ನು, ಕುಡುಕನನ್ನು, ನನ್ನವನನ್ನು ಎತ್ತಿಕೊಂಡಿರಬೇಕು. ಹಾಗಿಲ್ಲದಿದ್ದರೆ ಇಷ್ಟು ವರ್ಷ ನಾನು ಯಾರ ಮನೆಯ ನೆಲ ಗುಡಿಸುತ್ತಿದ್ದೇನೆ.

ಕಿಸಾಕುವಿಗೆ ಒಂದು ಬಾಗಿಲು, ಯಾಸುಕಿಚಿಗೆ ಇನ್ನೊಂದು ಬಾಗಿಲು ಅಂತ ದೇವರ ಮನೆಗೆ ಎರಡು ಬಾಗಿಲು ಇರುತ್ತವೆಯೇ? ಒಂದೇ ಇದ್ದರೆ, ಅದನ್ನು ಮುಚ್ಚಿ ಹಿಡಿದುಕೊಂಡು ನಿಂತವಳು ನಾನು.

ಅತ್ತೆ. ಬಹಳ ಅತ್ತೆ. ಸಿಟ್ಟು ಹೋಗಲಿಲ್ಲ. ಅಳುವಿನ ಜೊತೆಗೇ ಇತ್ತು.

ನವೆಂಬರ್ ೧೨, ಬುಧವಾರ

ನಿನ್ನೆ ಗಾಳಿ ಅಂತ ನೆಪ ಹೇಳಿಕೊಂಡು ಮನೆಯಲ್ಲಿದ್ದೆ. ಇವತ್ತು ಶಿನಾ ಓಡಿ ಬಂದಳು. ಮಾತು ಕಡಿಮೆಯಾಗಿದೆ, ಕಣ್ಣು ಮಾತ್ರ ಬಾಗಿಲ ಕಡೆ ಇದೆ ಅಂದಳು. ಗಂಜಿಯ ಪಾತ್ರೆ ತೆಗೆದುಕೊಂಡು ಹೊರಟೆ. ಮುಸುಕು ಮೊಳೆಗೇ ಬಿಟ್ಟೆ. ತಲೆಗೆ ಹೊಲದ ಟವೆಲು ಕಟ್ಟಿಕೊಂಡೆ.

ನನ್ನನ್ನು ನೋಡಿ ಮೊದಲು ಗುರುತು ಹಿಡಿಯಲಿಲ್ಲ. ಗಂಜಿ ಎರಡು ಚಮಚ ಕುಡಿಸಿದೆ. ತೀರ್ಪು ಬಂತಾ ಅಂದ, ತುಟಿಯಲ್ಲೇ.

“ತೀರ್ಪು ಆಮೇಲೆ. ಮೊದಲು ನಾನು ಕೇಳಿದ್ದಕ್ಕೆ ಹೇಳು” ಅಂದೆ. “ಸ್ವರ್ಗದಲ್ಲಿ ಇರೋರಿಗೆ ಸಿಟ್ಟು ಇರುತ್ತಾ?”

ಇಲ್ಲ ಅಂತ ತಲೆಯಾಡಿಸಿದ.

“ನರಕದಲ್ಲಿ ಗಂಜಿ ಕುಡಿಸ್ತಾರಾ?”

ಅದಕ್ಕೂ ಇಲ್ಲ ಅಂದ. ಸ್ವರ್ಗಕ್ಕೆ ಮೊದಲು ಪಾಪ ತೊಳೆಯುವ ಸ್ಥಳ ಇರಬಹುದಲ್ಲ ಅಂತ ಮೆಲ್ಲಗೆ ಸೇರಿಸಿದ. ಧರ್ಮೋಪದೇಶ ಚೆನ್ನಾಗಿ ಕಲಿತವನು.

“ಅಲ್ಲಿ ಒಬ್ಬರಿಗೊಬ್ಬರು ಒಳ್ಳೇದು ಬಯಸ್ತಾರಂತೆ. ನಾನು ನಿನಗೆ ಹತ್ತೊಂಬತ್ತು ವರ್ಷದಿಂದ ಕೆಟ್ಟದ್ದೇ ಬಯಸಿದೀನಿ. ಹೋದ ವಾರಾನೂ ಬಯಸಿದೀನಿ. ಈಗಲೂ ನಿನ್ನ ಮುಖ ನೋಡಿದ್ರೆ ಮೈ ಉರಿಯುತ್ತೆ. ಆದ್ರೂ ಕೈಯಲ್ಲಿ ನಿನ್ನ ಗಂಜಿ ಇದೆ. ಮೈ ಉರಿ, ಗಂಜಿ, ಎರಡೂ ಒಂದೇ ಕಡೆ ಇರೋದು ಈ ಊರಲ್ಲೇ ಕಣೋ. ನೀನು ಸತ್ತಿಲ್ಲ. ನಾನೂ ಸತ್ತಿಲ್ಲ.”

ಬಹಳ ಹೊತ್ತು ನನ್ನನ್ನೇ ನೋಡಿದ. ಟವೆಲು ನೋಡಿದ. ಬೀಜ ಬಿಡಿಸಿ ಕಪ್ಪಾದ ನನ್ನ ಉಗುರು ನೋಡಿದ. ಅವನ ಕಣ್ಣಿಗೆ ಭಯ ಬಂತು. ಇಷ್ಟು ದಿನ ಸತ್ತವನಾಗಿ ಎಷ್ಟು ನಿಶ್ಚಿಂತನಾಗಿದ್ದ ಅಂತ ಆಗ ತಿಳಿಯಿತು. ಬದುಕಿದ್ದೇನೆ ಅಂತ ಗೊತ್ತಾದ ಕೂಡಲೆ ಹೊದಿಕೆ ಎಳೆದುಕೊಂಡ. ನನ್ನನ್ನು ನೀವು ಅನ್ನುತ್ತಿದ್ದವನು ಮತ್ತೆ ನೀನು ಅಂದ.

“ಹಾಗಾದ್ರೆ... ನಿನಗೆ ಹೇಳಿದ್ದು...”

“ಕೇಳಿಸ್ಕೊಂಡೆ.”

ಹಾಗಾದರೆ ಇನ್ನೂ ಸಾಯಬೇಕು ಅಂದ. ಹೌದು ಅಂದೆ. ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ಬೆನ್ನು ಅಲುಗುತ್ತಿತ್ತು. ನಾಳೆ ಗುರುಗಳು ಬರುತ್ತಾರೆ ಅಂದೆ. ನಾಳೆಯವರೆಗೆ ಉಸಿರು ಹಿಡಿದುಕೋ ಅಂದೆ. ಅದನ್ನು ಬೈದ ಹಾಗೇ ಹೇಳಿದೆ. ಬೇರೆ ದನಿ ಬರಲಿಲ್ಲ.

ಕ್ಷಮಿಸಿದ್ದೇನೆ ಅಂತ ಮಾತ್ರ ಹೇಳಲಿಲ್ಲ. ಇಲ್ಲದ್ದನ್ನು ಹೇಗೆ ಕೊಡಲಿ.

ಬರುವಾಗ ಎದುರಿನ ದ್ವೀಪ ಕಾಣಿಸಿತು. ಅಷ್ಟು ಹತ್ತಿರ ಇದೆ ಅಂತ ಮರೆತೇ ಹೋಗಿತ್ತು.

ನವೆಂಬರ್ ೧೩, ಗುರುವಾರ

ಬೋಟು ಬಂತು. ಗುರುಗಳು ಮೊದಲು ನನ್ನ ಮುಖ ನೋಡಿದರು. ಹೇಳಿದೆ ಅಂದೆ. ತಲೆಯಾಡಿಸಿ ನೇರವಾಗಿ ಅಲ್ಲಿಗೇ ಹೋದರು. ಶಿನಾಳೂ ನಾನೂ ಬಾವಿಯವರೆಗೆ ದೂರ ಹೋಗಿ ಕೂತೆವು, ಕಾಗದದ ಬಾಗಿಲಲ್ಲವೇ. ಅವಳು ಜಪಸರ ಹಿಡಿದಿದ್ದಳು. ಏನು ಇಷ್ಟು ಹೊತ್ತು ಹೇಳುವುದಿರುತ್ತದೆ ಅವನಿಗೆ, ಇರುವೆ ತುಳಿದವನಲ್ಲ ಅಂದಳು. ಅವಳಿಗೆ ಏನೂ ಗೊತ್ತಿಲ್ಲ. ನನ್ನ ಬಾಯಿಂದ ಗೊತ್ತಾಗುವುದೂ ಇಲ್ಲ.

ಗುರುಗಳು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಆಯಿತು ಅಂದರು. ಅಭ್ಯಂಗವೂ ಆಯಿತು, ಪ್ರಸಾದವೂ ಆಯಿತು. ಇನ್ನೇನೂ ಹೇಳಲಿಲ್ಲ. ಹೇಳುವ ಹಾಗಿಲ್ಲ. ಬೋಟು ಹತ್ತುವ ಮೊದಲು ನಾನು ಒಂದೇ ಕೇಳಿದೆ, ಬೈಯುತ್ತಾ ಮುಳುಗಿದವನನ್ನು ದೇವರು ಏನು ಮಾಡುತ್ತಾನೆ ಅಂತ. ಗುರುಗಳು ಒಂದು ಕಾಲು ಬೋಟಿನಲ್ಲಿಟ್ಟರು. ಆಮೇಲೆ, ಆ ಲೆಕ್ಕ ದೇವರದ್ದು, ಆದರೆ ಮುಳುಗಿದವನ ಹಿಂದೆ ತಾನೂ ಧುಮುಕುವುದು ಅವನ ಸ್ವಭಾವ ಅಂದರು. ಸಾಕು. ಅಷ್ಟು ಸಾಕು ನನಗೆ.

ಮನೆಗೆ ಬಂದು ಅಕ್ಕಿ ತೊಳೆದಿಟ್ಟೆ. ಬೆಕ್ಕಿಗೆ ಹಾಕಿದೆ. ಬರೆಯಲು ಕೂತೆ.

ಶಿನಾ ಬಂದಿದ್ದಾಳೆ. ಹೊಸಿಲಲ್ಲಿ ನಿಂತಿದ್ದಾಳೆ, ಒಳಗೆ ಬರುತ್ತಿಲ್ಲ. ಓಡಿ ಬಂದಿರಬೇಕು, ಏದುಸಿರು ಬಿಡುತ್ತಿದ್ದಾಳೆ.

“ಟೊಮೆ ಬರ್ತಾಳಾ ಕೇಳು ಅಂದ” ಅನ್ನುತ್ತಾಳೆ. “ಏನೋ ಹೇಳೋದಿದೆಯಂತೆ. ಬದುಕಿರೋವಾಗಲೇ ಹೇಳಬೇಕಂತೆ. ಬೇಗ ಬನ್ನಿ ಅಕ್ಕ, ಅವನಿಗೆ ಆಗ್ತಿಲ್ಲ.”

ಗುರುಗಳು ಅದನ್ನೇ ಪ್ರಾಯಶ್ಚಿತ್ತವಾಗಿ ಕೊಟ್ಟರೋ, ಅವನೇ ಬೇಕೆಂದನೋ. ಸತ್ತವನಾಗಿ ಹೇಳಿದ್ದನ್ನು ಈಗ ಬದುಕಿರುವವಳ ಮುಖ ನೋಡಿ ಹೇಳಬೇಕು. ಅದೆಷ್ಟು ಕಷ್ಟ. ಅಷ್ಟು ಉಸಿರು ಅವನಲ್ಲಿ ಇದೆಯೋ ಇಲ್ಲವೋ.

ಸಿಟ್ಟು ಇದೆಯಾ ಅಂತ ಮುಟ್ಟಿ ನೋಡಿಕೊಂಡೆ. ಇದೆ. ಇರಲಿ. ಅದು ಹೋಗುವವರೆಗೆ ಕಾಯುವಷ್ಟು ಹೊತ್ತು ಅವನಿಗಿಲ್ಲ. ಅವನು ಕೇಳಿಕೊಳ್ಳಲಿ ಅಂತ ಕಾಯುವುದೂ ಬೇಡ. ಬಾಗಿಲು ಸರಿಸಿದ ಕೂಡಲೆ, ಅವನು ಬಾಯಿ ತೆರೆಯುವ ಮೊದಲೇ, ನಾನೇ ಅನ್ನುತ್ತೇನೆ, ಒಳಗೆ ಬಾ ಅಂತ.